ಅಳತೆಯ ನ್ಯಾಯ

ನಮ್ಮ ಕಡೆ ಯಾರಾದರೂ ತೊಗಲಿನ ಜಾಕೆಟ್ಟು ತೊಟ್ಟು ಬೀದಿಗಿಳಿದರೆ, ಜ್ವರ ಬಂದಿದೆಯೇ ಎಂದು ಕೇಳುತ್ತಾರೆ. ಕುಮಟೆಯ ಬೇಸಗೆಯಲ್ಲಿ ಹೆಗಲ ಮೇಲಿನ ತೆಳು ಪಂಚೆಯೇ ಭಾರ. ಮಳೆಗಾಲದಲ್ಲೋ, ಚಪ್ಪಲಿಯನ್ನು ಎರಡು ದಿನ ಮೂಲೆಗೆ ಬಿಟ್ಟರೆ ಮೂರನೆಯ ದಿನ ಅದರ ಮೇಲೆ ಬೂಷ್ಟು ಕುಳಿತಿರುತ್ತದೆ. ಇದು ಅರಿವೆಯ ಸೀಮೆ, ತೊಗಲಿನದಲ್ಲ. ಒಂದು ಕಾಲಕ್ಕೆ ಧಾರವಾಡದ ಕಡೆಯ ಅರಳೆ ಘಟ್ಟವಿಳಿದು ಇಲ್ಲಿಯ ಬಂದರಿನಲ್ಲಿ ಹಡಗೇರುತ್ತಿತ್ತು. ಬಯಲುಸೀಮೆಯಲ್ಲಿ ಬೆಳೆದ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ ಕುಮಟಾ ಎಂದೇ ಹೆಸರು ಬಿದ್ದಿತ್ತು. ತೊಗಲನ್ನು ನಾವು ಕಂಡದ್ದು ಚಪ್ಪಲಿಯಲ್ಲಿ, ಹೆಚ್ಚೆಂದರೆ ಯಕ್ಷಗಾನದ ಮದ್ದಳೆ ಚಂಡೆಗಳಲ್ಲಿ. ಅಂಥ ಊರಿನಲ್ಲಿದ್ದುಕೊಂಡು ನಾನು ತೊಗಲಿನ ಜಾಕೆಟ್ಟಿನ ವಿಷಯ ಬರೆಯಲು ಹೊರಟರೆ ಓದುಗರು ನಗಬಹುದು. ನಗಲಿ. ಮೂವತ್ತು ವರ್ಷ ಮಾಸ್ತರಿಕೆ ಮಾಡಿಯೂ ನನಗೆ ಹೊಳೆಯದಿದ್ದ ಒಂದು ಸಂಗತಿ ಭಟ್ಕಳದ ದರ್ಜಿಯೊಬ್ಬರ ಮೇಜಿನ ಮುಂದೆ ನಿಂತಾಗ ಹೊಳೆಯಿತು. ಹೊಳೆದದ್ದು ಸಂತೋಷ ಕೊಡಲಿಲ್ಲ ಎಂಬುದು ಬೇರೆ ಮಾತು.

ಜಾಕೆಟ್ಟು ನನ್ನ ತಮ್ಮನದು. ಅವನು ಹಡಗಿನಲ್ಲಿ ಕೆಲಸಕ್ಕಿದ್ದ. ಯಾವುದೋ ಚಳಿದೇಶದ ಬಂದರಿನಲ್ಲಿ ಕೊಂಡದ್ದು. ಊರಿಗೆ ಬಂದಾಗಲೆಲ್ಲ ಅದನ್ನು ಗೂಟಕ್ಕೆ ತೂಗುಹಾಕಿ ಬರಿ ಬನಿಯನ್ನಿನಲ್ಲಿ ಓಡಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಅದು ನನ್ನ ಕಪಾಟಿಗೆ ಬಂತು. ವರ್ಷಕ್ಕೆರಡು ಸಲ ತೆಗೆದು ಒರೆಸಿ ಇಡುವುದು ನನ್ನ ಕೆಲಸ. ಕಳೆದ ವರ್ಷ ಅವನ ಮಗನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅರ್ಧ ವರ್ಷ ಹಿಮವಂತೆ. ಹುಡುಗ ಕಪಾಟಿನ ಮುಂದೆ ಬಂದು ನಿಂತ. ತಮ್ಮನ ಎದೆಯಳತೆ ೩೮ ಇಂಚು, ಮಗನದು ೪೪. ತೋಳೊಳಗೆ ಕೈ ಹಾಕಿದ, ಮೊಣಕೈ ದಾಟಲಿಲ್ಲ. ಬಟ್ಟೆಯ ಕೋಟಾದರೆ ಒಳಗೆ ಮಡಚಿದ ಅಂಚನ್ನು ಬಿಚ್ಚಿ ಅಷ್ಟಿಷ್ಟು ಸಡಿಲಿಸಬಹುದು. ತೊಗಲಿಗೆ ಆ ಸೌಕರ್ಯವಿಲ್ಲ: ಬಿಚ್ಚಿದ ಹೊಲಿಗೆಯ ತೂತು ಸಾಲಾಗಿ ಹೊರಗೆ ಕಾಣುತ್ತದೆ. "ಇದೇ ಜಾಕೆಟ್ಟು ಬೇಕು ದೊಡ್ಡಪ್ಪಾ, ನನ್ನ ಅಳತೆಗೆ" ಎಂದ. ಅಂದರೆ ಹೊಸದೊಂದನ್ನು ಇದರ ಪಡಿಯಚ್ಚಿನಲ್ಲಿ, ದೊಡ್ಡದಾಗಿ ಹೊಲಿಸಬೇಕು.

ಹುಡುಗ ಎಂಜಿನಿಯರು, ಲೆಕ್ಕಕ್ಕೆ ತಡವಿಲ್ಲ. ೪೪ನ್ನು ೩೮ರಿಂದ ಭಾಗಿಸಿದ, ೧.೧೫೮ ಬಂತು. ಜಾಕೆಟ್ಟನ್ನು ಕಾಗದದ ಮೇಲೆ ಹರಡಿ ಒಂದೊಂದು ತುಂಡಿನ ಅಂಚಿಗೂ ಗೆರೆ ಎಳೆದ. ದರ್ಜಿಗಳು ಪ್ಯಾಟರ್ನು ಎನ್ನುತ್ತಾರಲ್ಲ, ಆ ಕಾಗದದ ನಮೂನೆ ತಯಾರಾಯಿತು. ಅದನ್ನು ಪೇಟೆಯಲ್ಲಿ ಮದುವೆ, ಚುನಾವಣೆಗಳ ಫ್ಲೆಕ್ಸು ಅಚ್ಚು ಮಾಡುವ ಅಂಗಡಿಗೆ ಒಯ್ದು, ನೂರಕ್ಕೆ ನೂರ ಹದಿನಾರರಂತೆ ಹಿಗ್ಗಿಸಿ ತಂದ. ಹಳೆಯ ಹಾಸುಬಟ್ಟೆಯೊಂದನ್ನು ಆ ನಮೂನೆಯಂತೆ ಕತ್ತರಿಸಿ ಮನೆಯ ಯಂತ್ರದಲ್ಲಿ ಹೊಲಿದು ತೊಟ್ಟುಕೊಂಡ. ನಾವೆಲ್ಲ ನೋಡಿದೆವು, ಮೊದಲು ಯಾರೂ ಮಾತಾಡಲಿಲ್ಲ, ಆಮೇಲೆ ನಕ್ಕೆವು. ಎದೆ ಸರಿಯಾಗಿಯೇ ಇತ್ತು. ಆದರೆ ೨೫ ಇಂಚಿನ ತೋಳು ೨೯ ಆಗಿ ಬೆರಳುಗಳನ್ನು ನುಂಗಿತ್ತು. ೧೮ ಇಂಚಿನ ಹೆಗಲು ೨೧ರ ಹತ್ತಿರ ಹೋಗಿ ರಟ್ಟೆಯ ಮೇಲೆ ಜಾರಿ ಬಿದ್ದಿತ್ತು. ಕಾಲರಿನಲ್ಲಿ ಇನ್ನೊಬ್ಬನ ಕೊರಳಿಗೂ ಜಾಗವಿತ್ತು. ಜೇಬಿನೊಳಗೆ ತೆಂಗಿನಕಾಯಿ ಇಡಬಹುದಿತ್ತು. ಹುಡುಗ ಕನ್ನಡಿಯ ಮುಂದೆ ನಿಂತು, "ಲೆಕ್ಕ ಸರಿಯಾಗಿಯೇ ಇದೆಯಲ್ಲ" ಎಂದು ಎರಡು ಸಲ ಹೇಳಿದ.

ಹಾಗೆ ನಾವು ಭಟ್ಕಳಕ್ಕೆ ಹೋದದ್ದು. ಅಲ್ಲಿಯ ಪೇಟೆಯ ಒಂದು ಓಣಿಯಲ್ಲಿ, ಮುಂಬಯಿಯ ಧಾರಾವಿಯಲ್ಲಿ ಬಹಳ ವರ್ಷ ತೊಗಲಿನ ಕೆಲಸ ಮಾಡಿ ಊರಿಗೆ ಮರಳಿದ ದರ್ಜಿಯೊಬ್ಬರಿದ್ದಾರೆಂದು ಪರಿಚಯದವರು ಹೇಳಿದ್ದರು. ಅಂಗಡಿ ಸಣ್ಣದು, ಮೇಜು ಮಾತ್ರ ದೊಡ್ಡದು. ನಾನು ಅವರನ್ನು ಮಾಸ್ತರೇ ಎಂದು ಕರೆದೆ, ಕತ್ತರಿ ಹಿಡಿಯುವವರನ್ನು ಹಾಗೆಯೇ ಕರೆಯುವುದು ರೂಢಿ. ಅವರು ನನ್ನ ಕಸುಬು ಕೇಳಿ ನನ್ನನ್ನೂ ಮಾಸ್ತರೇ ಎಂದರು. ಒಂದೇ ಬಿರುದನ್ನು ಇಬ್ಬರೂ ಹಂಚಿಕೊಂಡು ಕುಳಿತೆವು. ಆ ಬಿರುದಿಗೆ ಇಬ್ಬರಲ್ಲಿ ಯಾರು ಹೆಚ್ಚು ಯೋಗ್ಯರೆಂಬುದು ಗಂಟೆಯೊಳಗೆ ಗೊತ್ತಾಯಿತು.

ಫ್ಲೆಕ್ಸಿನ ಸುರುಳಿಯನ್ನು ಬಿಚ್ಚಿ ನೋಡಿದರು. "ಇದು ಆಳನ್ನು ದೊಡ್ಡದು ಮಾಡಿದ್ದಲ್ಲ ಮಾಸ್ತರೇ, ಆಳಿನ ಫೋಟೋ ದೊಡ್ಡದು ಮಾಡಿದ್ದು" ಎಂದರು. ಆಮೇಲೆ ಹುಡುಗನನ್ನು ನಿಲ್ಲಿಸಿ ಟೇಪು ಹಿಡಿದರು. ಅರ್ಧ ಗಂಟೆ ಅಳೆದರು. ಕೈ ಮಡಚಿಸಿ ಅಳೆದರು, ಮುಂದೆ ಬಾಗಿಸಿ ಅಳೆದರು, ಕುಳ್ಳಿರಿಸಿ ಅಳೆದರು. ಹಳೆಯ ಜಾಕೆಟ್ಟಿನ ಸುತ್ತಳತೆ ತೆಗೆದು ೪೩ ಎಂದು ಬರೆದುಕೊಂಡರು. ನಂತರ ನನಗೆ ಬಿಡಿಸಿ ಹೇಳಿದರು. ಮನುಷ್ಯ ದಪ್ಪವಾದಾಗ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುವುದಿಲ್ಲ. ಎದೆ ಆರಿಂಚು ಹೆಚ್ಚಿದರೆ ಕೊರಳು ಹೆಚ್ಚುವುದು ಒಂದು, ಒಂದೂವರೆ ಇಂಚು. ಹೆಗಲು ಪಕ್ಕಕ್ಕೆ ಕಾಲೋ ಅರ್ಧವೋ ಇಂಚು. ಎಲುಬು ಮಾಂಸದ ಹಾಗೆ ಕೇಳಿದಷ್ಟು ಬೆಳೆಯುವುದಿಲ್ಲ. ತೋಳಿನ ಉದ್ದ ಆಳಿನ ಎತ್ತರವನ್ನು ನೋಡಿ, ಎದೆಯನ್ನು ನೋಡಿ ಅಲ್ಲ. ಜೇಬು ಕೈಗಾಗಿ ಇರುವುದು. ಕೈ ಅಷ್ಟೇ ಇದ್ದರೆ ಜೇಬೂ ಅಷ್ಟೇ. ಹೆಚ್ಚಾದ ಆರಿಂಚನ್ನು ನಾಲ್ಕಾಗಿ ಹಂಚಿ, ಮುಂದಿನ ಎರಡು ಪಾಲು ಹಿಂದಿನ ಎರಡು ಪಾಲುಗಳಿಗೆ ಒಂದೂವರೆಯಂತೆ ಕೊಡಬೇಕು. ಆ ಒಂದೂವರೆಯಲ್ಲೂ ಹೆಗಲಿಗೆ ಸ್ವಲ್ಪ, ಕಂಕುಳ ಬಳಿಗೆ ಸ್ವಲ್ಪ, ಉಳಿದದ್ದು ಪಕ್ಕಕ್ಕೆ. ಕಂಕುಳ ಸುತ್ತು ದೊಡ್ಡದಾದರೆ ತೋಳಿನ ತಲೆಯೂ ಅದಕ್ಕೆ ಸರಿಯಾಗಿ ತಿದ್ದಿರಬೇಕು. ಉಣ್ಣೆಯ ಬಟ್ಟೆಯಾದರೆ ಹೆಚ್ಚುಕಡಿಮೆಯನ್ನು ಹಬೆ ಕೊಟ್ಟು ಕುಗ್ಗಿಸಬಹುದು, ತೊಗಲು ಅದನ್ನು ಕೇಳುವುದಿಲ್ಲ.

ನಾನು ತಲೆಯಾಡಿಸುತ್ತಿದ್ದೆ. ಇದೆಲ್ಲ ಲೆಕ್ಕದ ಮಾಸ್ತರನಿಗೆ ಅಪರಿಚಿತವೇನಲ್ಲ. ಗೆಲಿಲಿಯೋ ೧೬೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಾಣಿಯನ್ನು ಹಿಗ್ಗಿಸಿದರೆ ಅದರ ಎಲುಬನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಿ ಉಪಯೋಗವಿಲ್ಲವೆಂದು ಚಿತ್ರ ಬರೆದೇ ತೋರಿಸಿದ್ದಾನೆ. ಹುಡುಗನ ಲೆಕ್ಕದಂತೆ ಹೋಗಿದ್ದರೆ ಉದ್ದಗಲ ಎರಡೂ ಹಿಗ್ಗಿ, ೪೦ ಚದರ ಅಡಿ ತೊಗಲು ಸಾಕಾಗುವಲ್ಲಿ ೫೩ಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ತೊಗಲು ಮಾರುವುದು ಚದರ ಅಡಿಯ ಲೆಕ್ಕದಲ್ಲಿ. ಆದುದರಿಂದ ತಪ್ಪು ತತ್ತ್ವಕ್ಕೆ ಇಲ್ಲಿ ರೊಕ್ಕದ ದಂಡವೂ ಇದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇದಾವುದೂ ಅಲ್ಲ. ಹೋಗುವ ಮಾತಿನಲ್ಲಿ ಅವರು ಹೇಳಿದ ಇನ್ನೊಂದು ಸಂಗತಿ.

"ಮೈ ೩೮, ಜಾಕೆಟ್ಟು ೪೩. ಐದಿಂಚು ಸಡಿಲು ಬಿಟ್ಟಿದ್ದಾನೆ ಹೊಲಿದವನು, ಉಸಿರಾಡಲಿಕ್ಕೆ, ಕೈ ಎತ್ತಲಿಕ್ಕೆ, ಒಳಗೊಂದು ಸ್ವೆಟರಿಗೆ. ಈ ತಮ್ಮನ ಮೈ ೪೪. ಇವನಿಗೂ ಐದೇ ಇಂಚು ಬಿಡಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಅಂಗಿ ಬದಲಾಗಬೇಕು ಮಾಸ್ತರೇ, ಸಡಿಲು ಬದಲಾಗಬಾರದು."

ಸಮಾನತೆ ಎಂದರೇನು ಎಂದು ಮಕ್ಕಳಿಗೆ ನಾನು ಎಷ್ಟು ಸಲ ಪಾಠ ಹೇಳಿದ್ದೇನೋ! ಎಲ್ಲರಿಗೂ ಒಂದೇ ಅಂಗಿ ಎಂದು ಒಂದು ಪಕ್ಷ, ಅವರವರ ಪ್ರಮಾಣಕ್ಕೆ ತಕ್ಕಂತೆ ಗುಣಿಸಿ ಕೊಡಬೇಕೆಂದು ಇನ್ನೊಂದು ಪಕ್ಷ. ಅಂಗಿಗೂ ಮೈಗೂ ನಡುವೆ ಬಿಟ್ಟ ಖಾಲಿ ಜಾಗವನ್ನು ನೋಡಬೇಕು, ಸಮನಾಗಿರಬೇಕಾದದ್ದು ಅದು ಎಂಬ ಮೂರನೆಯ ಮಾತು ನನಗೆ ಹೊಳೆದಿರಲಿಲ್ಲ.

ಒಂದೇ ಅಂಗಿಯ ಪಕ್ಷದವರ ಕತೆ ಲೋಕದಲ್ಲಿ ದೊಡ್ಡದಾಗಿಯೇ ನಡೆದಿದೆ. ಬೆಲ್ಜಿಯಮ್ಮಿನ ಕ್ವೆಟ್ಲೆ ಎಂಬ ಪಂಡಿತ ಹತ್ತೊಂಬತ್ತನೆಯ ಶತಮಾನದಲ್ಲಿ ೫,೭೩೮ ಮಂದಿ ಸ್ಕಾಟಿಷ್ ಸಿಪಾಯಿಗಳ ಎದೆಯಳತೆಯ ಪಟ್ಟಿ ಹಿಡಿದು ಸರಾಸರಿ ತೆಗೆದ; ಸುಮಾರು ೪೦ ಇಂಚು ಬಂತು. ಸರಾಸರಿ ಮನುಷ್ಯನೇ ಪ್ರಕೃತಿಯ ಉದ್ದೇಶ, ನಾವೆಲ್ಲ ಅವನ ತಪ್ಪು ಪ್ರತಿಗಳು ಎಂಬಂತೆ ಅವನ ವಿಚಾರ ಬೆಳೆಯಿತು. ನೂರು ವರ್ಷ ದಾಟಿದ ಮೇಲೆ ೧೯೫೦ರಲ್ಲಿ ಅಮೆರಿಕದ ವಾಯುಪಡೆ ತನ್ನ ೪,೦೬೩ ಪೈಲಟರನ್ನು ಅಳೆಸಿತು. ಅಳತೆಯಲ್ಲಿ ತೊಡಗಿದ್ದ ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಎಣಿಸಿದ. ಒಬ್ಬನೂ ಇರಲಿಲ್ಲ. ಅಲ್ಲಿಯವರೆಗೆ ವಿಮಾನದ ಕುರ್ಚಿ ಇಲ್ಲದ ಮನುಷ್ಯನೊಬ್ಬನಿಗಾಗಿ ಮಾಡಿದ್ದಾಗಿತ್ತು. ಮುಂದೆ ಹುಡುಕಿದ ಪರಿಹಾರವೂ ಲಕ್ಷ್ಯಕ್ಕೆ ತಕ್ಕದ್ದು. ಒಬ್ಬೊಬ್ಬನಿಗೆ ಒಂದೊಂದು ವಿಮಾನ ಕಟ್ಟಲಿಲ್ಲ. ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಬಹುದಾದ ಕುರ್ಚಿ ಬಂತು. ಭಟ್ಕಳದ ಮಾಸ್ತರರು ಅದಕ್ಕೂ ಸಡಿಲು ಎಂದೇ ಹೆಸರಿಡುತ್ತಿದ್ದರೋ ಏನೋ.

ನಮ್ಮ ಹಿರಿಯರ ಉಡುಪು ಈ ಗೊಡವೆಗೇ ಹೋಗಲಿಲ್ಲ. ಪಂಚೆ, ಸೀರೆ ಯಾರ ಅಳತೆಯನ್ನೂ ಕೇಳುವುದಿಲ್ಲ. ತಮ್ಮನ ಪಂಚೆಯನ್ನು ಅವನ ಮಗ ಇವತ್ತೂ ಉಡುತ್ತಾನೆ. ಹೊಲಿಯದ ಬಟ್ಟೆ ಎಲ್ಲರನ್ನೂ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಕತ್ತರಿ ಹಾಕಿದೊಡನೆ ಮಾತ್ರ ಬಟ್ಟೆ ಒಂದು ಅಭಿಪ್ರಾಯ ಹೇಳಲು ತೊಡಗುತ್ತದೆ: ನಿನ್ನ ಹೆಗಲು ಇಲ್ಲಿರಬೇಕು, ನಿನ್ನ ಸೊಂಟ ಇಲ್ಲಿರಬೇಕು. ನಿಯಮಗಳೂ ಹೊಲಿದ ಬಟ್ಟೆಯ ಜಾತಿಯವು. ಅವನ್ನು ಬರೆಯುವಾಗ ಯಾರದೋ ಒಂದು ಮೈ ಬರೆಯುವವನ ಕಣ್ಣೆದುರಿಗೆ ಇರುತ್ತದೆ. ಬರೆದಾದ ಮೇಲೆ ಅದು ಪಂಚೆಯೇ, ಯಾರು ಬೇಕಾದರೂ ಉಡಬಹುದು ಎಂದು ನಾವು ಹೇಳುತ್ತೇವೆ.

ನಾನು ಹಾಗೆಯೇ ಹೇಳಿದ್ದೆ. ಹೊನ್ನಾವರದ ಒಂದು ಪ್ರೌಢಶಾಲೆಯಲ್ಲಿ ಮುಖ್ಯಾಧ್ಯಾಪಕನಾಗಿದ್ದ ಕಾಲ, ೨೦೦೩. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ ೭೫ ಹಾಜರಿ ಬೇಕು. ಶರಾವತಿಯ ಆಚೆ ದಡದಿಂದ ಬರುತ್ತಿದ್ದ ಮೀನುಗಾರರ ಹುಡುಗನೊಬ್ಬನದು ೭೧ ಆಗಿತ್ತು. ತಂದೆ ಹಾಸಿಗೆ ಹಿಡಿದಿದ್ದ. ಮಳೆ ನಿಂತು ದೋಣಿಗಳು ಕಡಲಿಗಿಳಿದ ತಿಂಗಳುಗಳಲ್ಲಿ ಹುಡುಗ ಬಲೆಯ ಕೆಲಸಕ್ಕೆ ಹೋಗಿದ್ದ. ಕೊರತೆಯನ್ನು ಮನ್ನಿಸಬೇಕೆಂದು ಮೇಲಿನವರಿಗೆ ಶಿಫಾರಸು ಬರೆಯುವುದು ನನ್ನ ಕೈಯಲ್ಲಿತ್ತು. ತಾಯಿ ಬಂದು ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ನಾನು ಬರೆಯಲಿಲ್ಲ. ಯಾಕೆಂದರೆ ಹಿಂದಿನ ವರ್ಷ ಊರಿನ ದೊಡ್ಡ ಗುತ್ತಿಗೆದಾರರೊಬ್ಬರ ಮಗನಿಗೆ ೭೨ ಬಂದಾಗ, ಅವರು ಕಾರಿನಲ್ಲಿ ಬಂದು ಕೇಳಿಕೊಂಡರೂ ನಾನು ಬರೆದಿರಲಿಲ್ಲ. ಆಗ ಶಿಕ್ಷಕರ ಕೊಠಡಿಯಲ್ಲಿ ನನಗೆ ದೊಡ್ಡ ಹೆಸರು ಬಂದಿತ್ತು. ಶ್ರೀಮಂತನಿಗೆ ಇಲ್ಲದ ರಿಯಾಯಿತಿ ಬಡವನಿಗೆ ಕೊಟ್ಟರೆ ನ್ಯಾಯವೇ? ತಕ್ಕಡಿ ಎರಡೂ ಕಡೆ ಸಮವಾಗಿದೆ ಎಂದು ನೆಮ್ಮದಿಯಿಂದ ಮನೆಗೆ ಹೋಗಿ ಊಟ ಮಾಡಿದೆ.

ಅಂಗಿ ಸಮವಾಗಿತ್ತು. ಸಡಿಲನ್ನು ನಾನು ಅಳೆಯಲಿಲ್ಲ. ಗುತ್ತಿಗೆದಾರರ ಮಗನಿಗೆ ಒಂದು ವರ್ಷ ಹೋದರೆ ಹೋಯಿತು. ಮನೆಪಾಠಕ್ಕೆ ಹಾಕಿದರು, ಮರುವರ್ಷ ಕೂತ, ಪಾಸಾದ. ಅವನ ಸುತ್ತ ಕೈಕಾಲಾಡಿಸುವಷ್ಟು ಜಾಗವಿತ್ತು. ಈ ಹುಡುಗನ ಮೈಗೆ ನಿಯಮ ಅಂಟಿಕೊಂಡೇ ಇತ್ತು. ಅವನು ಉಸಿರೆಳೆದೊಡನೆ ಹರಿಯಿತು. ಮರುವರ್ಷ ಅವನು ಬರಲಿಲ್ಲ. ಈಗ ದೋಣಿಯಲ್ಲಿದ್ದಾನೆ. ಹೊನ್ನಾವರದ ಬಸ್ ನಿಲ್ದಾಣದಲ್ಲಿ ನಾಲ್ಕಾರು ಸಲ ಸಿಕ್ಕಿದ್ದಾನೆ. ನಮಸ್ಕಾರ ಸರ್ ಎಂದು ಎದ್ದು ಜಾಗ ಬಿಟ್ಟುಕೊಡುತ್ತಾನೆ. ಅವನ ಮುಖದಲ್ಲಿ ಸಿಟ್ಟಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಲೆಸ್ಬಾಸ್ ದ್ವೀಪದ ಕಲ್ಲುಕುಟಿಗರ ಒಂದು ಅಳತೆಗೋಲಿನ ಪ್ರಸ್ತಾಪ ಮಾಡುತ್ತಾನೆ. ಅದು ಸೀಸದ್ದು, ಕಲ್ಲಿನ ಆಕಾರಕ್ಕೆ ಬಾಗುತ್ತದೆ. ಕಾನೂನು ಎಲ್ಲರನ್ನೂ ಒಟ್ಟಿಗೆ ಉದ್ದೇಶಿಸಿ ಮಾತಾಡಬೇಕಾದುದರಿಂದ ಕೆಲವರ ವಿಷಯದಲ್ಲಿ ತಪ್ಪಿಯೇ ತಪ್ಪುತ್ತದೆ. ಅಲ್ಲಿ ಶಾಸನ ಮಾಡಿದವನೇ ಎದುರಿಗಿದ್ದಿದ್ದರೆ ಏನು ಹೇಳುತ್ತಿದ್ದನೋ ಅದನ್ನು ಮಾಡುವುದು ಉಚಿತವೆಂದು ಅವನ ಅಭಿಪ್ರಾಯ. ಇದನ್ನು ನಾನು ಕಾಲೇಜಿನಲ್ಲಿದ್ದಾಗ ಓದಿ ಗುರುತು ಹಾಕಿಕೊಂಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ೨೦೦೩ರಲ್ಲಿ ಅದು ನೆನಪಿಗೆ ಬರಲಿಲ್ಲ. ಓದಿದ್ದು ಬೇಕಾದ ಹೊತ್ತಿಗೆ ನೆನಪಾಗುವುದಾದರೆ ಮಾಸ್ತರರ ಜಾತಿ ಬಹಳ ವಿವೇಕಿಗಳದಾಗುತ್ತಿತ್ತು.

ಆದರೆ ಇಲ್ಲೊಂದು ಆಕ್ಷೇಪವಿದೆ, ಮತ್ತು ಅದು ಸಣ್ಣದಲ್ಲ. ಬಾಗುವ ಅಳತೆಗೋಲು ಯಾರ ಕಡೆಗೆ ಬಾಗುತ್ತದೆ? ನಮ್ಮ ದೇಶದಲ್ಲಿ ಅದು ಕಾರಿನ ಸದ್ದು ಕೇಳಿದ ಕಡೆಗೆ ಬಾಗುತ್ತದೆ. ಗಟ್ಟಿ ನಿಯಮಕ್ಕೆ ಅಂಟಿಕೊಂಡ ನನ್ನಂಥವರು ಹುಟ್ಟಿದ್ದೇ ಅದನ್ನು ನೋಡಿ ನೋಡಿ ಬೇಸತ್ತು. ಒಬ್ಬನಿಗೆ ಬಾಗಿದರೆ ನಾಳೆ ಹತ್ತು ಜನ ಬಾಗಿಲಲ್ಲಿ ಇರುತ್ತಾರೆ. ಅವರಲ್ಲಿ ಯಾರ ಕಷ್ಟ ನಿಜ, ಯಾರದು ನಟನೆ ಎಂದು ನೋಡಲು ನಾನೇನು ದೇವರೇ? ಈ ಮಾತನ್ನು ನಾನು ಇವತ್ತೂ ಬಿಟ್ಟುಕೊಡುವವನಲ್ಲ. ಆದರೂ ಮೇಜಿನ ಮೇಲೆ ಬಿದ್ದಿದ್ದ ಆ ಟೇಪನ್ನು ನೋಡುತ್ತಿದ್ದಾಗ ಒಂದು ಉತ್ತರ ಕಂಡಂತಾಯಿತು. ಅದೂ ಬಾಗುತ್ತದೆ, ಹೆಗಲಿಗೆ ಹೆಗಲಿನಂತೆ, ಸೊಂಟಕ್ಕೆ ಸೊಂಟದಂತೆ. ಆದರೆ ಅದರ ಮೇಲಿನ ಇಂಚು ಯಾರ ಮೈಮೇಲೂ ಹಿಗ್ಗುವುದಿಲ್ಲ. ಲಂಚಕೋರನ ಕೈಯಲ್ಲಿರುವುದು ರಬ್ಬರಿನ ಪಟ್ಟಿ. ನನ್ನ ಕೈಯಲ್ಲಿದ್ದದ್ದು ಮರದ ಅಡಿಪಟ್ಟಿ. ನಾನು ಅವನಿಗಿಂತ ಪ್ರಾಮಾಣಿಕನಾಗಿದ್ದೆ ನಿಜ; ಆದರೆ ಮನುಷ್ಯನ ಮೈಯನ್ನು ಅಳೆಯಲು ಇಬ್ಬರಿಗೂ ಬರುತ್ತಿರಲಿಲ್ಲ. ಅಳೆಯಲು ಹೊತ್ತು ಬೇಕು. ಅರ್ಧ ಗಂಟೆ ನಿಲ್ಲಿಸಿ, ಕೂರಿಸಿ, ಬಾಗಿಸಿ ನೋಡಬೇಕು. ಆ ತಾಯಿ ಬಾಗಿಲಲ್ಲಿ ನಿಂತಾಗ ನಾನು ಕೊಟ್ಟದ್ದು ಐದು ನಿಮಿಷ.

ಮಾಸ್ತರರು ತೊಗಲಿಗೆ ತಕ್ಷಣ ಕತ್ತರಿ ಹಾಕಲಿಲ್ಲ. ಹೊಸ ಕಾಗದದ ನಮೂನೆಯಂತೆ ಮೊದಲು ಮಾಂಜರಪಾಟಿನಲ್ಲಿ ಒಂದು ಅಂಗಿ ಹೊಲಿದರು. ಹುಡುಗ ತೊಟ್ಟು ಕೈ ಎತ್ತಿದ, ಕಂಕುಳಲ್ಲಿ ಹಿಡಿಯಿತು. ಬಿಚ್ಚಿ ತಿದ್ದಿ ಮತ್ತೊಂದು ಹೊಲಿದರು. ಹಾಗೆ ಮೂರು ಸಲ ನಾವು ಕುಮಟೆಯಿಂದ ಭಟ್ಕಳಕ್ಕೆ ಬಸ್ಸು ಹತ್ತಿದ್ದಾಯಿತು. ನನಗೆ ಬೇಸರವಾಗಿ, "ಇಷ್ಟು ಸಾಲದೇ?" ಎಂದೆ. "ಬಟ್ಟೆ ಕ್ಷಮಿಸುತ್ತದೆ ಮಾಸ್ತರೇ. ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ಸೂಜಿಯ ತೂತು ಮುಚ್ಚಿಹೋಗುತ್ತದೆ. ತೊಗಲಿಗೆ ಒಂದು ಸಲ ಸೂಜಿ ತಾಗಿದರೆ ತಾಗಿತು" ಎಂದರು. ತೊಗಲಿನ ಕೆಲಸದಲ್ಲಿ ಗುಂಡುಸೂಜಿಯನ್ನೂ ಚುಚ್ಚುವುದಿಲ್ಲ. ತುಂಡುಗಳನ್ನು ಕ್ಲಿಪ್ಪಿನಿಂದ ಕಚ್ಚಿಸಿ ಹಿಡಿಯುತ್ತಾರೆ. ಹೊಲಿಗೆಯನ್ನೂ ಒತ್ತಾಗಿ ಹಾಕುವಂತಿಲ್ಲ, ಹಾಕಿದರೆ ಅಂಚೆಚೀಟಿಯ ಹಾಗೆ ಅಲ್ಲೇ ಹರಿಯುತ್ತದೆ. ಕತ್ತರಿಸುವಾಗ ಬಟ್ಟೆಯಂತೆ ಎರಡು ಪದರ ಮಡಚಿ ಒಟ್ಟಿಗೆ ಕತ್ತರಿಸುವುದೂ ಇಲ್ಲ. ಒಂದೊಂದು ತೊಗಲೂ ಒಂದೊಂದು ಪ್ರಾಣಿ. ಮುಳ್ಳು ಗೀರಿದ ಗುರುತು, ಉಣ್ಣೆ ಕಚ್ಚಿದ ಗುರುತು, ಹೊಟ್ಟೆಯ ಕಡೆಯ ಜೋಲು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ, ಒಳ್ಳೆಯ ಭಾಗವನ್ನು ಬೆನ್ನಿಗೂ ಎದೆಗೂ, ಸಾಧಾರಣವಾದದ್ದನ್ನು ಕಂಕುಳಿನ ಕೆಳಗೂ ಇಟ್ಟರು. ನಾನು ಮೂವತ್ತು ವರ್ಷ ನಲವತ್ತು ನಲವತ್ತೈದು ಮಕ್ಕಳನ್ನು ಒಂದೇ ಮಡಿಕೆಯಲ್ಲಿ ಮಡಚಿ ಕತ್ತರಿಸಿದವನು. ನನಗೆ ಮಾಂಜರಪಾಟೂ ಇರಲಿಲ್ಲ. ಕೈ ಪಳಗಿದ್ದೇ ಅವರ ಮೇಲೆ.

ಕೊನೆಯಲ್ಲಿ ಬೆನ್ನಿನ ತುಂಡಿನ ವಿಷಯಕ್ಕೆ ಒಂದು ತಕರಾರು ಬಂತು. ತಮ್ಮನ ಜಾಕೆಟ್ಟಿನ ಬೆನ್ನು ಒಂದೇ ತುಂಡು. ಹುಡುಗನ ಬೆನ್ನಿಗೆ ಇಪ್ಪತ್ತನಾಲ್ಕೂವರೆ ಇಂಚು ಬೇಕು. ಆಡಿನ ಒಂದು ತೊಗಲಿನಲ್ಲಿ ಜೋಲಿಲ್ಲದ ಅಷ್ಟು ಅಗಲ ಸಿಗುವುದಿಲ್ಲ. ನಡುವೆ ಹೊಲಿಗೆ ಬರಲೇಬೇಕು ಎಂದರು ಮಾಸ್ತರರು. ಹುಡುಗನ ಮುಖ ಸಣ್ಣದಾಯಿತು. "ಅಪ್ಪನದರಲ್ಲಿ ಹೊಲಿಗೆ ಇಲ್ಲ" ಎಂದ. ಮಾಸ್ತರರು ಒತ್ತಾಯ ಮಾಡಲಿಲ್ಲ. ಬೇಕಾದರೆ ದೊಡ್ಡ ದನದ ತೊಗಲು ತರಿಸಬಹುದು, ಆದರೆ ಅದು ದಪ್ಪ, ಈ ಮೆದು ಬರುವುದಿಲ್ಲ, ಎರಡರಲ್ಲಿ ಒಂದನ್ನು ಬಿಡಬೇಕು ಎಂದರು. ಹುಡುಗ ಹಳೆಯ ಜಾಕೆಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸವರುತ್ತ ಕುಳಿತಿದ್ದ. ನಾನು ಏನೂ ಹೇಳಲಿಲ್ಲ. ಇವನು ತಂದೆಯ ಹಾಗೆ ಆಗಬೇಕು, ತಂದೆಗಿಂತ ದೊಡ್ಡವನಾಗಬೇಕು ಎಂದು ಎರಡನ್ನೂ ಒಟ್ಟಿಗೆ ಹೇಳುತ್ತ ಅವನನ್ನು ಬೆಳೆಸಿದವನು ನಾನೇ. ಆಡಲು ಮಾತು ಎಲ್ಲಿತ್ತು? ಕಡೆಗೆ ಅವನು, "ಮೆದುವಾದದ್ದೇ ಇರಲಿ" ಎಂದ. ಹೊಲಿಗೆ ಬೆನ್ನುಹುರಿಯ ಗುಂಟ ನೇರ ಬಿತ್ತು. ಒಳಗಿನಿಂದ ಅಂಟು ಹಚ್ಚಿ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದರು.

ಸಿದ್ಧವಾದ ಜಾಕೆಟ್ಟನ್ನು ತೊಟ್ಟಾಗ ಹೆಗಲು ಹೆಗಲಲ್ಲಿತ್ತು, ಕಾಲರು ಕೊರಳಲ್ಲಿತ್ತು, ಜೇಬು ಅಪ್ಪನ ಜೇಬಿನಷ್ಟೇ ಇತ್ತು. ಮೊಣಕೈಯಲ್ಲಿ ಮಾತ್ರ ಸ್ವಲ್ಪ ಬಿಗಿ ಎಂದ ಹುಡುಗ. ಮಾಸ್ತರರು ಅದನ್ನು ಮುಟ್ಟಿ ನೋಡಿ, "ಅದನ್ನು ನಾನು ಮಾಡಲಿಕ್ಕಾಗುವುದಿಲ್ಲ ತಮ್ಮಾ. ಎರಡು ತಿಂಗಳು ತೊಡು. ಅದೂ ಸ್ವಲ್ಪ ನಿನ್ನ ಕಡೆಗೆ ಬರುತ್ತದೆ" ಎಂದರು. ಹಣ ಎಣಿಸಿ ತೆಗೆದುಕೊಂಡು, ಕಾಗದದ ನಮೂನೆಯನ್ನು ಮಡಚಿ ಅದರ ಮೇಲೆ ೪೪ ಎಂದು ಬರೆದು ಗೋಡೆಯ ಮೊಳೆಗೆ ಸಿಕ್ಕಿಸಿದರು.

ಅಕ್ಟೋಬರಿನಲ್ಲಿ ಅವನನ್ನು ಕುಮಟೆಯ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದೆ. ಸೆಕೆ ಬಹಳವಿತ್ತು. ಜಾಕೆಟ್ಟನ್ನು ಪೆಟ್ಟಿಗೆಯಲ್ಲಿಡಲು ಒಪ್ಪದೆ ತೋಳಿನ ಮೇಲೆ ಹಾಕಿಕೊಂಡೇ ಹೋದ. ಪ್ಲಾಟ್‌ಫಾರ್ಮಿನಲ್ಲಿ ಇಬ್ಬರು ಮೂವರು ತಿರುಗಿ ನೋಡಿದರು. ಹಳೆಯದು ನನ್ನ ಕಪಾಟಿನಲ್ಲಿಯೇ ಇದೆ. ಮಳೆ ಹಿಡಿಯುವ ಮೊದಲು ಅದನ್ನೊಮ್ಮೆ ತೆಗೆದು ಒರೆಸಬೇಕು.